ವರ್ಷಕ್ಕೊಂದು ಕ್ಯಾಂಪು ಸಾಲದು: ಬಾಗಲಕೋಟೆ ಜಿಲ್ಲೆಯ ಹಲ್ಲುಗಳ ಬಗ್ಗೆ ಒಂದು ಬಹಿರಂಗ ಪತ್ರ

ಗೆ,
ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು, ಜಿಲ್ಲಾ ಪಂಚಾಯತಿ, ಬಾಗಲಕೋಟೆ
ಉಪನಿರ್ದೇಶಕರು, ಶಾಲಾ ಶಿಕ್ಷಣ ಇಲಾಖೆ, ಬಾಗಲಕೋಟೆ
ಜೊತೆಗೆ ಜಿಲ್ಲೆಯ ಎಲ್ಲ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರು, ಅಂಗನವಾಡಿ ಕಾರ್ಯಕರ್ತೆಯರು ಮತ್ತು ಪಾಲಕರಿಗೆ

ಮಾನ್ಯರೇ,

ಶಾಲೆಗಳಲ್ಲಿ ದಂತ ತಪಾಸಣೆ ಶಿಬಿರ ಹೇಗೆ ನಡೆಯುತ್ತದೆ ಎಂಬುದು ನಿಮಗೆ ಗೊತ್ತಿದೆ. ಒಂದೇ ಮುಂಜಾನೆ ಇನ್ನೂರು ಮಕ್ಕಳು ಸಾಲು ನಿಲ್ಲುತ್ತಾರೆ. ಟಾರ್ಚ್ ಹಿಡಿದು ಒಬ್ಬೊಬ್ಬರ ಬಾಯಿ ನೋಡಿ, ‘ಹುಳುಕು ಇದೆ, ಆಸ್ಪತ್ರೆಗೆ ತೋರಿಸಿ’ ಎಂದು ಚೀಟಿ ಬರೆದು, ಒಂದು ಸಣ್ಣ ಪೇಸ್ಟ್ ಟ್ಯೂಬ್ ಕೊಟ್ಟು, ಬ್ಯಾನರ್ ಮುಂದೆ ಫೋಟೊ ತೆಗೆದರೆ ಮುಗಿಯಿತು. ಚೀಟಿ ಪಾಟಿಚೀಲದ ತಳ ಸೇರುತ್ತದೆ. ಮುಂದಿನ ವರ್ಷ ಅದೇ ಮಗು ಅದೇ ಸಾಲಿನಲ್ಲಿ ಇನ್ನೂ ದೊಡ್ಡ ತೂತಿನ ಹಲ್ಲಿಟ್ಟುಕೊಂಡು ನಿಂತಿರುತ್ತದೆ. ಶಿಬಿರ ಮಾಡುವವರ ಶ್ರದ್ಧೆಯಲ್ಲಿ ಕೊರತೆಯಿಲ್ಲ. ಹಲ್ಲು ಹುಳುಕಾಗುವುದು ದಿನಕ್ಕೆ ನಾಲ್ಕಾರು ಸಲ ನಡೆಯುವ ಕ್ರಿಯೆ. ಅದನ್ನು ವರ್ಷಕ್ಕೊಮ್ಮೆ ನೋಡಿ ತಡೆಯಲು ಆಗುವುದಿಲ್ಲ.

ಆದ್ದರಿಂದ ಜಿಲ್ಲೆಯ ದಂತವೈದ್ಯರು, ಸಮುದಾಯ ಆರೋಗ್ಯ ಕಾರ್ಯಕರ್ತರಾದ ನಮ್ಮ ಬೇಡಿಕೆ ಮೂರೇ. ಬಿಸಿಯೂಟವಾದ ಮೇಲೆ ಪ್ರತಿದಿನ ಶಾಲೆಯಲ್ಲೇ ಹಲ್ಲುಜ್ಜಿಸಬೇಕು. ಒಂದನೇ, ಎರಡನೇ ತರಗತಿಯ ಮಕ್ಕಳ ಆರನೇ ವರ್ಷದ ದವಡೆ ಹಲ್ಲಿನ ಸೀಳುಗಳನ್ನು ಜೂನ್‌ನಿಂದ ಆಗಸ್ಟ್ ಒಳಗೆ ಮುಚ್ಚಿಸಬೇಕು. ಶಾಲೆ, ಅಂಗನವಾಡಿಯ ಕುಡಿಯುವ ನೀರಿನ ಫ್ಲೋರೈಡ್ (ಹಿತಮಿತವಾಗಿದ್ದರೆ ಹಲ್ಲನ್ನು ಕಾಯುವ, ಹೆಚ್ಚಾದರೆ ಕೆಡಿಸುವ ಲವಣ) ಪ್ರಮಾಣವನ್ನು ಪರೀಕ್ಷಿಸಿ, ಅಂಕಿಯನ್ನು ತೊಟ್ಟಿಯ ಮೇಲೆ ಬರೆಸಬೇಕು. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಹುದ್ದೆಯೂ ಬೇಡ.

ಹಲ್ಲಿನ ಮೇಲೆ ಕೂಡುವ ಮೆತ್ತನೆಯ ಪದರದಲ್ಲಿ ಬ್ಯಾಕ್ಟೀರಿಯಾ ಇರುತ್ತವೆ. ಸಕ್ಕರೆ ಸಿಕ್ಕ ಕೆಲವೇ ನಿಮಿಷಗಳಲ್ಲಿ ಅವು ಆಮ್ಲ ಉತ್ಪಾದಿಸುತ್ತವೆ. ಪಿಎಚ್ (ಆಮ್ಲದ ಅಳತೆ; ಆಮ್ಲ ಹೆಚ್ಚಿದಷ್ಟೂ ಅಂಕಿ ಇಳಿಯುತ್ತದೆ) ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಹೊರಕವಚ, ಅಂದರೆ ಎನಾಮಲ್, ಕರಗತೊಡಗುತ್ತದೆ. ಜೊಲ್ಲು ಆ ಆಮ್ಲವನ್ನು ತೊಳೆದು ಮೊದಲಿನ ಸ್ಥಿತಿಗೆ ತರಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಹಾಗಾಗಿ ಎಷ್ಟು ಸಿಹಿ ತಿಂದರು ಎನ್ನುವುದಕ್ಕಿಂತ ಎಷ್ಟು ಸಲ ತಿಂದರು ಎನ್ನುವುದು ಮುಖ್ಯ. ಊಟದ ಜೊತೆ ಎರಡು ಉಂಡಿ ತಿಂದ ಮಗುವಿನ ಹಲ್ಲಿಗೆ ಒಂದೇ ಹೊಡೆತ. ಅದೇ ಎರಡು ಉಂಡಿಯನ್ನು ಮುರಿದು ಮುರಿದು ಸಂಜೆಯವರೆಗೆ ತಿಂದರೆ ಹತ್ತು ಹೊಡೆತ.

ನಮ್ಮ ಕಡೆ ವರ್ಷವಿಡೀ ಸಿಹಿಗೆ ಒಂದು ನೆಪ ಇದ್ದೇ ಇರುತ್ತದೆ. ಪಂಚಮಿಗೆ ಉಂಡಿ, ಅಳ್ಳು. ದೀಪಾವಳಿಗೆ ಡಬ್ಬಿಗಟ್ಟಲೆ ಫರಾಳ. ಸಂಕ್ರಾಂತಿಗೆ ಕುಸುರೆಳ್ಳು. ಆಮೇಲೆ ಬನಶಂಕರಿ ಜಾತ್ರೆಯ ಮಿಠಾಯಿ, ಬೇಸಿಗೆಯ ಐಸ್‌ಕ್ಯಾಂಡಿ, ಬಣ್ಣದ ಸೋಡಾ. ನವೆಂಬರಿನಿಂದ ಮುಧೋಳ, ಜಮಖಂಡಿ ಕಡೆ ಕಬ್ಬಿನ ಹಂಗಾಮು. ಹೊಲದಲ್ಲಿ ಮಕ್ಕಳ ಬಾಯಿಗೆ ಬಿಡುವಿಲ್ಲ. ಹಬ್ಬ ಬಿಡಿ ಎಂದು ಹೇಳುವ ಮೂರ್ಖತನ ನಮಗಿಲ್ಲ. ಸಿಹಿಯನ್ನು ಊಟದ ತಾಟಿನಲ್ಲೇ ಬಡಿಸಿ, ಊಟ ಮುಗಿದ ಮೇಲೆ ಡಬ್ಬಿ ಮೇಲಿಡಿ ಎನ್ನುತ್ತೇವೆ ಅಷ್ಟೆ. ‘ಬೆಲ್ಲಾ ಚಲೋರಿ, ಸಕ್ರಿ ಕೆಟ್ಟದ್ದು’ ಎಂಬ ಮಾತೊಂದು ಜಿಲ್ಲೆಯ ತುಂಬ ಓಡಾಡುತ್ತದೆ. ಮಹಾಲಿಂಗಪುರದ ಬೆಲ್ಲದ ರುಚಿಗೆ ನಾವೂ ಸೋತವರೇ. ಆದರೆ ಬೆಲ್ಲದ ಬಹುಪಾಲು ಸಕ್ಕರೆಯಲ್ಲಿರುವ ಅದೇ ಸುಕ್ರೋಸ್. ಬ್ಯಾಕ್ಟೀರಿಯಾಕ್ಕೆ ಅದು ಗಾಣದಿಂದ ಬಂತೋ ಫ್ಯಾಕ್ಟರಿಯಿಂದ ಬಂತೋ ಬೇಕಾಗಿಲ್ಲ. ಕರದಂಟಿನಂತಹ ಅಂಟು ತಿನಿಸು ದವಡೆ ಹಲ್ಲಿನ ಸೀಳಿನಲ್ಲಿ ಕೂತು ತಾಸುಗಟ್ಟಲೆ ಕರಗುತ್ತಿರುತ್ತದೆ. ಚಹಾದಲ್ಲಿ ಬಿಸ್ಕಿಟ್ ಅದ್ದಿ ತಿನ್ನುವುದೂ ಅದೇ ಜಾತಿಯದು.

ಎಲ್ಲಕ್ಕಿಂತ ಕೆಟ್ಟದ್ದು ಕೂಸಿನ ಬಾಯಲ್ಲಿ ಸಕ್ಕರೆ ಹಾಲಿನ ಅಥವಾ ಚಹಾದ ಬಾಟಲಿ ಇಟ್ಟು ಮಲಗಿಸುವುದು. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುತ್ತದೆ, ಹಾಲು ಮೇಲಿನ ಮುಂಗಡೆ ಹಲ್ಲುಗಳ ಸುತ್ತ ನಿಲ್ಲುತ್ತದೆ. ಎರಡು ವರ್ಷ ತುಂಬುವಷ್ಟರಲ್ಲಿ ಆ ನಾಲ್ಕು ಹಲ್ಲು ಕಂದು ಬಣ್ಣದ ಮೋಟುಗಳಾಗಿ ಉಳಿಯುತ್ತವೆ. ಕೆಳಗಿನ ಮುಂಗಡೆ ಹಲ್ಲು ಮಾತ್ರ ಚೆನ್ನಾಗಿರುತ್ತವೆ, ಏಕೆಂದರೆ ನಾಲಿಗೆ ಅವನ್ನು ಮುಚ್ಚಿರುತ್ತದೆ. ಈ ಗುರುತು ಕಂಡರೆ ಕಾರಣ ಬಾಟಲಿಯೇ ಎಂದು ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದು. ರಾತ್ರಿ ಬಾಟಲಿ ಬಿಡಿಸಲು ಆಗದಿದ್ದರೆ ಅದರಲ್ಲಿ ಬರೀ ನೀರು ಹಾಕಿ. ಅಂಗನವಾಡಿಯ ತಾಯಂದಿರ ಸಭೆಯಲ್ಲಿ ಒಂದು ಸಣ್ಣ ಕೆಲಸ ಕಲಿಸಿದರೆ ಸಾಕು: ತಿಂಗಳಿಗೊಮ್ಮೆ ಬೆಳಕಿಗೆ ಕೂಡಿಸಿ ಮಗುವಿನ ಮೇಲ್ದುಟಿ ಎತ್ತಿ ನೋಡುವುದು. ಒಸಡಿನ ಅಂಚಿಗೆ ಸುಣ್ಣದ ಗೆರೆಯಂತಹ ಮಂಕು ಬಿಳುಪು ಕಂಡರೆ ಅದೇ ಹುಳುಕಿನ ಶುರು. ಆ ಹಂತದಲ್ಲಿ ತೂತು ಬಿದ್ದಿರುವುದಿಲ್ಲ. ಫ್ಲೋರೈಡ್ ವಾರ್ನಿಷ್ ಹಚ್ಚಿ, ಬಾಟಲಿ ಬಿಡಿಸಿದರೆ ಹಲ್ಲು ಮತ್ತೆ ಗಟ್ಟಿಯಾಗಲು ಸಾಧ್ಯ.

‘ಹಾಲಹಲ್ಲ ಅಲ್ಲೇನ್ರಿ, ಬಿದ್ದು ಹೋಗ್ತಾವ ಬಿಡ್ರಿ’ ಎನ್ನುವ ಪಾಲಕರಿಗೆ ಒಂದು ಮಾತು. ಹಾಲುಹಲ್ಲು ಒಟ್ಟು 20. ಅವುಗಳಲ್ಲಿ ಹಿಂದಿನ ದವಡೆ ಹಲ್ಲುಗಳು 10ರಿಂದ 12ನೇ ವರ್ಷದವರೆಗೆ ಬಾಯಲ್ಲಿ ಇರಬೇಕಾದವು. ಅವು ಬೇಗ ಹೋದರೆ ಆ ಜಾಗಕ್ಕೆ ಹಿಂದಿನ ಹಲ್ಲು ಸರಿದು ಬರುತ್ತದೆ, ಕೆಳಗಿನಿಂದ ಬರಬೇಕಾದ ಶಾಶ್ವತ ಹಲ್ಲು ಅಡ್ಡಾದಿಡ್ಡಿ ಹುಟ್ಟುತ್ತದೆ. ಕೀವು ತುಂಬಿದ ಹಾಲುಹಲ್ಲು ಅದರಡಿಯ ಶಾಶ್ವತ ಹಲ್ಲಿನ ಎನಾಮಲ್ಲನ್ನೂ ಕೆಡಿಸಬಲ್ಲದು. ರಾತ್ರಿ ಹಲ್ಲುನೋವಿನಿಂದ ನಿದ್ದೆಯಿಲ್ಲದ ಮಗು ಮರುದಿನ ತರಗತಿಯಲ್ಲಿ ಏನು ಕಲಿಯುತ್ತದೆ ಎಂಬುದನ್ನು ಶಿಕ್ಷಕರಿಗೆ ಬೇರೆ ಹೇಳಬೇಕಿಲ್ಲ.

ಇನ್ನು ಆರನೇ ವರ್ಷದ ದವಡೆ ಹಲ್ಲು. ಈ ಪತ್ರದಲ್ಲಿ ನೀವು ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ಮಗುವಿಗೆ ಆರು ವರ್ಷವಾಗುವ ಹೊತ್ತಿಗೆ ಕೊನೆಯ ಹಾಲುಹಲ್ಲಿನ ಹಿಂದೆ, ಮೇಲೆ ಎರಡು, ಕೆಳಗೆ ಎರಡು, ಹೊಸ ದೊಡ್ಡ ಹಲ್ಲು ಹುಟ್ಟುತ್ತವೆ. ಅವಕ್ಕಾಗಿ ಯಾವ ಹಾಲುಹಲ್ಲೂ ಬೀಳುವುದಿಲ್ಲ. ಹಾಗಾಗಿ ಮನೆಯವರಿಗೆ ಅದು ಬಂದದ್ದೇ ಗೊತ್ತಾಗುವುದಿಲ್ಲ. ಗೊತ್ತಾದರೂ ಹಾಲುಹಲ್ಲೇ ಎಂದು ತಿಳಿಯುತ್ತಾರೆ. ಆದರೆ ಅವು ಸಾಯುವವರೆಗೆ ಇರಬೇಕಾದ ಹಲ್ಲು. ಅದರ ಅಗಿಯುವ ಮೈಮೇಲೆ ಆಳವಾದ ಸೀಳುಗಳಿರುತ್ತವೆ, ಎಷ್ಟೋ ಸೀಳು ಬ್ರಶ್ಶಿನ ಒಂದು ಎಳೆಗಿಂತಲೂ ಕಿರಿದು. ಪೂರ್ತಿ ಮೇಲೆ ಬರಲು ವರ್ಷದ ಹತ್ತಿರ ಬೇಕು. ಅಲ್ಲಿಯವರೆಗೆ ಅದು ಪಕ್ಕದ ಹಲ್ಲುಗಳಿಗಿಂತ ತಗ್ಗಿನಲ್ಲಿರುವುದರಿಂದ, ಉದ್ದಕ್ಕೆ ಉಜ್ಜಿದ ಬ್ರಶ್ ಅದನ್ನು ಮುಟ್ಟದೆ ಮೇಲಿನಿಂದ ದಾಟಿ ಹೋಗುತ್ತದೆ. ಬ್ರಶ್ಶನ್ನು ಕೆನ್ನೆಯ ಕಡೆಯಿಂದ ಅಡ್ಡ ಹಿಡಿದು ಅದೊಂದನ್ನೇ ಹತ್ತು ಸಲ ಉಜ್ಜಬೇಕು. ಇದು ತಿಳಿಯದೆ ಎಂಟು ವರ್ಷಕ್ಕೇ ಈ ಹಲ್ಲು ಕಳೆದುಕೊಳ್ಳುವ ಮಕ್ಕಳು ಬಹಳ.

ಇದಕ್ಕೆ ಸೀಲಂಟ್ ಎಂಬ ಉಪಾಯವಿದೆ: ಸೀಳುಗಳನ್ನು ಮೊದಲೇ ಮುಚ್ಚಿಬಿಡುವುದು. ಕೊರೆಯುವುದಿಲ್ಲ, ಇಂಜೆಕ್ಷನ್ ಇಲ್ಲ, ಕರೆಂಟೂ ಬೇಡ. ಶಾಲೆಯ ಬೆಂಚಿನ ಮೇಲೆ ಮಲಗಿಸಿ ಮಾಡಬಹುದು. ಹಲ್ಲನ್ನು ಒದ್ದೆ ಹತ್ತಿಯಿಂದ ಒರೆಸಿ, ಎರಡೂ ಬದಿಗೆ ಹತ್ತಿಯ ಸುರುಳಿಯಿಟ್ಟು, ಸಿಮೆಂಟ್ ಅಂಟಲು ಹಲ್ಲಿನ ಮೈಯನ್ನು ಅಣಿಮಾಡುವ ಕಂಡಿಷನರ್ ಹಚ್ಚಿ ತೊಳೆದು ಒಣಗಿಸಿ, ಗ್ಲಾಸ್ ಅಯೊನೋಮರ್ ಎಂಬ ಹಲ್ಲು ತುಂಬುವ ಸಿಮೆಂಟ್ ಕಲಸಿ ಇಟ್ಟು, ವ್ಯಾಸಲಿನ್ ಸವರಿದ ಗ್ಲೌಸಿನ ಬೆರಳಿನಿಂದ ಒತ್ತಿ ಹಿಡಿಯಬೇಕು. ಹೆಚ್ಚಾದದ್ದನ್ನು ಕೆರೆದು ತೆಗೆದು, ಒಂದು ತಾಸು ಏನೂ ತಿನ್ನಬೇಡ ಎಂದು ಕಳಿಸಬೇಕು. ಶಿಬಿರಗಳಲ್ಲಿ ಪ್ಲಾಸ್ಟಿಕ್ ಜಾತಿಯ ರೆಸಿನ್ ಸೀಲಂಟ್ ಹಚ್ಚಿ ಅದು ತಿಂಗಳೊಳಗೆ ಕಿತ್ತು ಬಂದರೆ, ಬಹುತೇಕ ಕಾರಣ ಹಚ್ಚುವಾಗ ಜೊಲ್ಲು ತಾಗಿರುವುದೇ. ಅರ್ಧ ಹುಟ್ಟಿದ ಹಲ್ಲನ್ನು ಪೂರ್ತಿ ಒಣಗಿಸುವುದು ಕಷ್ಟ. ಗ್ಲಾಸ್ ಅಯೊನೋಮರ್ ಸ್ವಲ್ಪ ತೇವವನ್ನು ತಾಳುತ್ತದೆ, ಮೇಲಾಗಿ ತನ್ನೊಳಗಿನ ಫ್ಲೋರೈಡನ್ನು ಹಲ್ಲಿಗೆ ಬಿಡುತ್ತದೆ. ಅದಕ್ಕೇ ಈ ಕೆಲಸಕ್ಕೆ ಅದನ್ನೇ ಆರಿಸಬೇಕು. ನಮ್ಮ ಬಿಸಿಲಿನಲ್ಲಿ ಅದಕ್ಕೂ ಒಂದು ತೊಂದರೆಯಿದೆ: ಸೆಕೆ ಹೆಚ್ಚಿದ್ದರೆ ಕಲಸುತ್ತಿರುವಾಗಲೇ ಗಟ್ಟಿಯಾಗುತ್ತದೆ. ಕಲಸುವ ಗಾಜಿನ ಹಲಗೆಯನ್ನು ತಂಪಾಗಿಟ್ಟುಕೊಂಡು, ಒಂದು ಸಲಕ್ಕೆ ಒಂದೇ ಹಲ್ಲಿಗಾಗುವಷ್ಟು ಕಲಸಬೇಕು. ಹೊಳಪು ಹೋದ ಸಿಮೆಂಟ್ ಹಲ್ಲಿಗೆ ಅಂಟುವುದಿಲ್ಲ, ಅದನ್ನು ಚೆಲ್ಲಿ ಹೊಸದು ಕಲಸಬೇಕು. ಪುಡಿಯ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಮಳೆಗಾಲದಲ್ಲಿ ಗಡ್ಡೆ ಕಟ್ಟುತ್ತದೆ.

ಜೂನ್‌ನಿಂದ ಆಗಸ್ಟ್ ಎಂದು ಏಕೆ ಹೇಳಿದೆವೆಂದರೆ, ಕಬ್ಬು ಕಡಿಯಲು ಗ್ಯಾಂಗು ಕಟ್ಟಿಕೊಂಡು ಹೋಗುವ ಕುಟುಂಬಗಳ ಮಕ್ಕಳು ಹಂಗಾಮು ಶುರುವಾದ ಮೇಲೆ ಶಾಲೆಯಲ್ಲಿ ಸಿಗುವುದಿಲ್ಲ. ಡಿಸೆಂಬರಿನಲ್ಲಿ ಶಿಬಿರ ಮಾಡಿದರೆ ಅತಿ ಹೆಚ್ಚು ಅಗತ್ಯವಿರುವ ಮಗುವೇ ಹಾಜರಿಯಲ್ಲಿ ಇರುವುದಿಲ್ಲ. ಆರು ತಿಂಗಳಿಗೆ ಮತ್ತೆ ನೋಡಿ, ಸೀಲಂಟ್ ಬಿದ್ದ ಕಡೆ ಹೊಸದಾಗಿ ಹಚ್ಚಬೇಕು. ಮುಂದೆ 12ನೇ ವರ್ಷಕ್ಕೆ ಇನ್ನೂ ನಾಲ್ಕು ದವಡೆ ಹಲ್ಲು ಬರುತ್ತವೆ, ಆರನೇ, ಏಳನೇ ತರಗತಿಯಲ್ಲಿ ಅವಕ್ಕೂ ಇದೇ ಕೆಲಸ. ಬಾಗಲಕೋಟೆಯಲ್ಲೇ ದಂತ ವೈದ್ಯಕೀಯ ಕಾಲೇಜಿದೆ, ಅಲ್ಲಿ ಇಂಟರ್ನ್‌ಗಳಿದ್ದಾರೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಹೇಗೂ ಹೋಗಬೇಕು, ಅವರ ಪಟ್ಟಿಯಲ್ಲಿ ಹಲ್ಲಿನ ತೊಂದರೆಯೂ ಇದೆ. ಈ ಇಬ್ಬರನ್ನೂ ಒಂದೇ ದಿನ ಒಂದೇ ಶಾಲೆಗೆ ಕಳಿಸುವ ಆದೇಶವಷ್ಟೇ ಬೇಕಿರುವುದು.

ಈಗಾಗಲೇ ತೂತಾದ ಹಾಲುಹಲ್ಲಿಗೆ ಇನ್ನೊಂದು ಅಗ್ಗದ ಮದ್ದಿದೆ, 38 ಪ್ರತಿಶತದ ಸಿಲ್ವರ್ ಡೈಅಮೈನ್ ಫ್ಲೋರೈಡ್. ತೂತನ್ನು ಒಣಗಿಸಿ ಸಣ್ಣ ಬ್ರಶ್ಶಿನಿಂದ ಒಂದು ನಿಮಿಷ ಹಚ್ಚಿದರೆ ಹುಳುಕು ಬೆಳೆಯುವುದು ಬಹುಮಟ್ಟಿಗೆ ನಿಲ್ಲುತ್ತದೆ. ಒಂದೇ ಹನಿಯಲ್ಲಿ ನಾಲ್ಕೈದು ಹಲ್ಲಿಗೆ ಆಗುತ್ತದೆ. ಆರು ತಿಂಗಳಿಗೊಮ್ಮೆ ಮತ್ತೆ ಹಚ್ಚಬೇಕು. ಆದರೆ ಹುಳುಕಾದ ಜಾಗ ಕಾಯಂ ಕಪ್ಪಾಗುತ್ತದೆ. ಆದ್ದರಿಂದ ಹಚ್ಚುವ ಮೊದಲು ಪಾಲಕರಿಗೆ ಕಪ್ಪಾದ ಹಲ್ಲಿನ ಫೋಟೊ ತೋರಿಸಿ ಸಹಿ ಪಡೆಯಬೇಕು. ಇದನ್ನು ಬಿಟ್ಟರೆ ಮರುದಿನ ಜಗಳ ಖಂಡಿತ. ರಾತ್ರಿ ತಾನಾಗಿ ನೋಯುವ ಹಲ್ಲಿಗೆ, ಒಸಡು ಬಾತ ಹಲ್ಲಿಗೆ ಇದು ಮದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದನ್ನೂ ಗ್ಲಾಸ್ ಅಯೊನೋಮರನ್ನೂ ಫ್ಲೋರೈಡ್ ಪೇಸ್ಟನ್ನೂ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ.

ಶಾಲೆಯಲ್ಲಿ ಹಲ್ಲುಜ್ಜಿಸುವ ಲೆಕ್ಕ ಹೀಗಿದೆ. ಮಗುವಿಗೆ ಒಂದು ಸಲಕ್ಕೆ ಬಟಾಣಿ ಕಾಳಿನಷ್ಟು ಪೇಸ್ಟ್, ಅಂದಾಜು ಕಾಲು ಗ್ರಾಂ. 220 ದಿನ ಶಾಲೆ ಎಂದು ಹಿಡಿದರೆ ವರ್ಷಕ್ಕೆ 55 ಗ್ರಾಂ, ಅಂದರೆ 100 ಗ್ರಾಮಿನ ಟ್ಯೂಬಿನ ಅರ್ಧಕ್ಕಿಂತ ತುಸು ಹೆಚ್ಚು. ನೂರು ಮಕ್ಕಳ ಶಾಲೆಗೆ ವರ್ಷಕ್ಕೆ ಐದೂವರೆ ಕಿಲೊ ಪೇಸ್ಟ್ ಮತ್ತು ಮೂರು ತಿಂಗಳಿಗೊಂದರಂತೆ 400 ಬ್ರಶ್. ಬ್ರಶ್ ಸಣ್ಣ ತಲೆಯದು, ಮೆತ್ತನೆಯ ಎಳೆಯದು ಇರಲಿ. ಪೇಸ್ಟ್ ಕೊಳ್ಳುವಾಗ ಟ್ಯೂಬಿನ ಮೇಲೆ ಫ್ಲೋರೈಡ್ ಎಷ್ಟು ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ) ಎಂದು ಓದಿ. ನಮ್ಮ ದೇಶದ ನಿಯಮದಂತೆ ಅದು 1000 ಪಿಪಿಎಂ ಮೀರುವಂತಿಲ್ಲ, ಅಂಕಿಯನ್ನು ಟ್ಯೂಬಿನ ಮೇಲೆ ಮುದ್ರಿಸಲೇಬೇಕು. ಟೆಂಡರ್ ಕಾಗದದಲ್ಲಿ ಬರೀ ‘ಟೂತ್‌ಪೇಸ್ಟ್’ ಎಂದು ಬರೆದರೆ ಫ್ಲೋರೈಡೇ ಇಲ್ಲದ ಗಿಡಮೂಲಿಕೆ ಪೇಸ್ಟ್ ಬಂದು ಬೀಳುತ್ತದೆ. ಬಾಯಿ ಘಮಘಮ ಎನ್ನುತ್ತದೆ, ಹುಳುಕು ನಿಲ್ಲುವುದಿಲ್ಲ.

ಶಿಕ್ಷಕರು ಟ್ಯೂಬನ್ನು ಒಂದೊಂದು ಬ್ರಶ್ಶಿಗೆ ಮುಟ್ಟಿಸಬಾರದು, ಒಬ್ಬರ ಬಾಯಿಯದು ಎಲ್ಲರಿಗೂ ಹೋಗುತ್ತದೆ. ಒಂದು ಸ್ವಚ್ಛ ತಾಟಿನ ಅಂಚಿಗೆ ಸಾಲಾಗಿ, ನಡುವೆ ಜಾಗ ಬಿಟ್ಟು ಪೇಸ್ಟಿನ ಬೊಟ್ಟು ಇಡಿ. ಮಗು ತನ್ನ ಬೊಟ್ಟನ್ನು ಬ್ರಶ್ಶಿಗೆ ಎತ್ತಿಕೊಳ್ಳಲಿ. ಎರಡು ನಿಮಿಷ ಉಜ್ಜಬೇಕು. ಮಗ್ಗಿಯೋ ಪದ್ಯವೋ ಹೇಳಿಸಿದರೆ ಹೊತ್ತು ಸರಿಯಾಗಿ ಹೋಗುತ್ತದೆ. ಆಮೇಲೆ ಉಗುಳಬೇಕು, ನೀರು ಮುಕ್ಕಳಿಸಬಾರದು. ಮುಕ್ಕಳಿಸಿದರೆ ಹಲ್ಲಿನ ಮೇಲೆ ಉಳಿಯಬೇಕಾದ ಫ್ಲೋರೈಡ್ ತೊಳೆದುಹೋಗುತ್ತದೆ. ನೀರಿಲ್ಲದ ಶಾಲೆಗಳಿಗೆ ಇದು ಅನುಕೂಲವೇ ಆಯಿತು. ಏಪ್ರಿಲ್‌ನಲ್ಲಿ ಟ್ಯಾಂಕರ್ ಬಾರದ ದಿನವೂ ಈ ಕೆಲಸ ನಿಲ್ಲಬೇಕಿಲ್ಲ. ಬ್ರಶ್ ತೊಳೆಯುವಾಗ ಎಲ್ಲವನ್ನೂ ಒಂದೇ ಬಕೆಟ್ಟಿನಲ್ಲಿ ಅದ್ದಬೇಡಿ, ಒಂದೊಂದರ ಮೇಲೂ ತಂಬಿಗೆಯಿಂದ ನೀರು ಸುರಿಯಿರಿ. ಹೆಸರು ಬರೆದು, ತೂತು ಕೊರೆದ ಹಲಗೆಯಲ್ಲಿ ತಲೆ ಮೇಲಾಗಿ, ಒಂದಕ್ಕೊಂದು ತಾಗದಂತೆ ನಿಲ್ಲಿಸಿ, ಮೇಲೊಂದು ತೆಳು ಬಟ್ಟೆ ಇಳಿಬಿಡಿ. ಪ್ಲಾಸ್ಟಿಕ್ ಟೊಪ್ಪಿಗೆ ಹಾಕಿದರೆ ಒದ್ದೆ ಆರದೆ ಬೂಸು ಹಿಡಿಯುತ್ತದೆ.

ಮನೆಯಲ್ಲಿ ರಾತ್ರಿ ಮಲಗುವ ಮುಂಚೆ ಉಜ್ಜುವುದು ಮುಂಜಾನೆಯದಕ್ಕಿಂತ ಮುಖ್ಯ. ಆದರೆ ಎಷ್ಟೋ ಮನೆಗಳಲ್ಲಿ ಬೆಳಗಿನ ಚಹಾಕ್ಕೆ ಮುಂಚಿನ ಒಂದೇ ಸಲ. ಮೂರು ವರ್ಷದೊಳಗಿನ ಕೂಸಿಗೆ ಅಕ್ಕಿ ಕಾಳಿನಷ್ಟೇ ಪೇಸ್ಟ್. ಏಳೆಂಟು ವರ್ಷದವರೆಗೆ ದೊಡ್ಡವರೇ ಉಜ್ಜಬೇಕು, ತನ್ನ ಅಂಗಿಯ ಗುಂಡಿ ತಾನೇ ಹಾಕಲು ಬಾರದ ಕೈಗೆ ದವಡೆಯ ಒಳಮೈ ಸಿಗುವುದಿಲ್ಲ.

ಈಗ ನೀರಿನ ಮಾತು. ಜಿಲ್ಲೆಯಲ್ಲಿ ಹುನಗುಂದ, ಇಳಕಲ್ ಕಡೆ ನೆಲದಡಿ ಗ್ರಾನೈಟ್ ಇದೆ. ಅಂಥ ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ಬೋರಿನ ನೀರಿಗೆ ಫ್ಲೋರೈಡ್ ಕರಗಿ ಸೇರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ ಹೆಚ್ಚೆಂದರೆ 1.5. ಅದಕ್ಕಿಂತ ಹೆಚ್ಚಿನ ನೀರು ಕುಡಿದು ಬೆಳೆದ ಮಗುವಿನ ಶಾಶ್ವತ ಹಲ್ಲಿನ ಮೇಲೆ ಬಿಳಿ ಪಟ್ಟೆ, ಕಂದು ಕಲೆ, ಹೆಚ್ಚಾದರೆ ಗುಳಿ ಬೀಳುತ್ತದೆ. ಹುಳುಕಿಗೂ ಇದಕ್ಕೂ ವ್ಯತ್ಯಾಸ ಗುರುತಿಸುವುದು ಸುಲಭ: ಫ್ಲೋರೈಡಿನ ಈ ಕಲೆ, ಅಂದರೆ ಫ್ಲೋರೋಸಿಸ್, ಎಡಕ್ಕೂ ಬಲಕ್ಕೂ ಒಂದೇ ಜಾತಿಯ ಹಲ್ಲುಗಳ ಮೇಲೆ ಜೋಡಿಯಾಗಿ, ಅಡ್ಡಗೆರೆಗಳಾಗಿ ಕಾಣುತ್ತದೆ. ಹಲ್ಲು ಒಸಡಿನೊಳಗೆ ರೂಪುಗೊಳ್ಳುವಾಗ, ಅಂದರೆ ಎಂಟು ವರ್ಷದೊಳಗೆ ಆಗುವ ಹಾನಿಯಿದು. ಮೇಲಿನ ಮುಂಗಡೆ ಹಲ್ಲಿಗೆ ಮೊದಲ ಮೂರು ವರ್ಷವೇ ನಿರ್ಣಾಯಕ. ಆಮೇಲೆ ಉಪ್ಪು, ನಿಂಬೆಹಣ್ಣು, ಸೋಡಾಪುಡಿ ಹಚ್ಚಿ ಎಷ್ಟು ತಿಕ್ಕಿದರೂ ಕಲೆ ಹೋಗುವುದಿಲ್ಲ, ಹಲ್ಲು ಸವೆಯುತ್ತದೆ ಅಷ್ಟೆ. ‘ಹಲ್ಲ ತಿಕ್ಕೂದಿಲ್ಲೇನ’ ಎಂದು ಇಂಥ ಮಕ್ಕಳನ್ನು ತರಗತಿಯಲ್ಲಿ ಎದ್ದು ನಿಲ್ಲಿಸಿ ಬೈಯುವುದನ್ನು ಶಿಕ್ಷಕರು ದಯವಿಟ್ಟು ಬಿಡಬೇಕು. ತಪ್ಪು ಬೋರಿನದು.

ನೀರು ಕಾಸಿದರೆ ಫ್ಲೋರೈಡ್ ಹೋಗುವುದಿಲ್ಲ. ಆವಿಯಾದಷ್ಟೂ ಉಳಿದ ನೀರಿನಲ್ಲಿ ಹೆಚ್ಚುತ್ತದೆ. ಮೇಣದ ಕ್ಯಾಂಡಲ್ ಆಕಾರದ ಸಾದಾ ಫಿಲ್ಟರೂ ತೆಗೆಯುವುದಿಲ್ಲ. ಊರೂರಿನ ಶುದ್ಧ ಕುಡಿಯುವ ನೀರಿನ ಘಟಕದ ಆರ್‌ಒ ತೆಗೆಯುತ್ತದೆ, ಆದರೆ ಅದರ ಪೊರೆ ಹರಿದಿದ್ದರೆ ಇಲ್ಲ. ಘಟಕದವರು ಸಾಮಾನ್ಯವಾಗಿ ಟಿಡಿಎಸ್ ಮೀಟರ್ ಅದ್ದಿ ‘ನೀರು ಚಲೋ ಐತಿ’ ಎಂದು ತೋರಿಸುತ್ತಾರೆ. ಟಿಡಿಎಸ್ ಎಂದರೆ ಕರಗಿದ ಎಲ್ಲ ಲವಣಗಳ ಒಟ್ಟು ಲೆಕ್ಕ; ನೂರಾರು ಮಿಲಿಗ್ರಾಂ ನಡುವೆ ಎರಡು, ಮೂರು ಮಿಲಿಗ್ರಾಂ ಫ್ಲೋರೈಡ್ ಅದರಲ್ಲಿ ಕಾಣುವುದೇ ಇಲ್ಲ. ಫ್ಲೋರೈಡಿಗೆ ಬೇರೆಯೇ ಪರೀಕ್ಷೆ ಬೇಕು. ಜಲ ಜೀವನ್ ಮಿಷನ್ ಅಡಿ ಪ್ರತಿ ಹಳ್ಳಿಯಲ್ಲಿ ಐದು ಮಂದಿ ಮಹಿಳೆಯರಿಗೆ ಕಿಟ್‌ನಿಂದ ನೀರು ಪರೀಕ್ಷಿಸುವ ತರಬೇತಿ ಕೊಡಬೇಕೆಂದಿದೆ. ಅವರಿಂದ ಮೇ ತಿಂಗಳಲ್ಲಿ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಶಾಲೆಯ ನೀರು ನೋಡಿಸಿ, ಅಂಕಿಯನ್ನು ತಾರೀಖಿನ ಸಮೇತ ಬಣ್ಣದಲ್ಲಿ ಬರೆಸಿ. 1.5 ದಾಟಿದ ಕಡೆ ಕುಡಿಯಲು ಮತ್ತು ಅಡುಗೆಗೆ ಕೃಷ್ಣೆಯದೋ ಮಲಪ್ರಭೆಯದೋ ಹೊಳೆಯ ನೀರನ್ನೇ ಮೊದಲು ಅಂಗನವಾಡಿಗೆ ಕೊಡಿ. ಬೇಳೆ ಬೇಯಿಸುವ ನೀರೂ ಕುಡಿಯುವ ನೀರೇ ಎಂಬುದು ನೆನಪಿರಲಿ. ಎದೆಹಾಲಿನಲ್ಲಿ ಫ್ಲೋರೈಡ್ ತೀರ ಕಡಿಮೆ, ತಾಯಿ ಬೋರಿನ ನೀರು ಕುಡಿದರೂ. ಹಾಗಾಗಿ ಮೊದಲ ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಬೇಡ ಎನ್ನುವ ಆಶಾ ಕಾರ್ಯಕರ್ತೆಯ ಮಾತಿಗೆ ಇಲ್ಲಿ ಇನ್ನೂ ಒಂದು ಕಾರಣ ಸಿಕ್ಕಿತು.

‘ನೀರಾಗ ಫ್ಲೋರೈಡ್ ಹೆಚ್ಚೈತಿ ಅಂತೀರಿ, ಮತ್ತ ಪೇಸ್ಟಿನಾಗ ಯಾಕ ಬೇಕು’ ಎಂಬ ಪ್ರಶ್ನೆ ನ್ಯಾಯವಾದದ್ದೇ. ಪೇಸ್ಟಿನದು ಹಲ್ಲಿನ ಮೇಲ್ಮೈಗೆ ಕೆಲಸ ಮಾಡಿ ಉಗುಳಿದಾಗ ಹೊರಗೆ ಹೋಗುತ್ತದೆ, ನೀರಿನದು ಹೊಟ್ಟೆ ಸೇರಿ ರಕ್ತದ ಮೂಲಕ ಬೆಳೆಯುವ ಹಲ್ಲಿಗೆ ಹೋಗುತ್ತದೆ. 1000 ಪಿಪಿಎಂ ಪೇಸ್ಟಿನ ಕಾಲು ಗ್ರಾಮನ್ನು ಮಗು ಪೂರ್ತಿ ನುಂಗಿದರೂ ಒಳಗೆ ಹೋಗುವುದು ಕಾಲು ಮಿಲಿಗ್ರಾಂ. 3 ಮಿಲಿಗ್ರಾಂ ಇರುವ ಬೋರಿನ ಒಂದು ಲೀಟರ್ ನೀರಿನಲ್ಲಿ ಅದರ ಹನ್ನೆರಡು ಪಟ್ಟು. ಅಂಥ ಊರುಗಳಲ್ಲಿ ಆರು ವರ್ಷದೊಳಗಿನವರಿಗೆ ಅಕ್ಕಿ ಕಾಳಿನಷ್ಟೇ ಪೇಸ್ಟ್ ಇರಲಿ, ಉಗುಳುವುದನ್ನು ನಿಂತು ನೋಡಿ. ಚಹಾ ಸೊಪ್ಪಿನಲ್ಲೂ ಫ್ಲೋರೈಡ್ ಇದೆ, ಸಣ್ಣ ಮಕ್ಕಳಿಗೆ ಚಹಾ ಬೇಡ ಎನ್ನಲು ಅದೂ ಒಂದು ಕಾರಣ.

ದೊಡ್ಡವರ ವಿಷಯ ಚಿಕ್ಕದಾಗಿ. ಕೆಂಪು ಹಲ್ಲುಪುಡಿ, ಇದ್ದಿಲು, ಬೂದಿ ಮೂರೂ ಉಜ್ಜಿ ಸವೆಸುವಂಥವು. ಒಸಡಿನ ಹತ್ತಿರ ಹಲ್ಲಿನ ಬುಡದಲ್ಲಿ ಕೊಡಲಿ ಏಟಿನ ಆಕಾರದ ಕಚ್ಚು ಬಿದ್ದು, ತಣ್ಣೀರು ತಾಗಿದರೆ ಜುಮ್ಮೆನ್ನುವುದು ಅದರಿಂದಲೇ. ಉಜ್ಜುವಾಗ ರಕ್ತ ಬಂದರೆ ಜನ ಉಜ್ಜುವುದನ್ನೇ ನಿಲ್ಲಿಸುತ್ತಾರೆ. ರಕ್ತ ಬರುವುದು ಅಲ್ಲಿ ಕೊಳೆ ಕೂತು ಒಸಡು ಬಾತಿರುವುದರಿಂದ, ಮೆತ್ತನೆಯ ಬ್ರಶ್ಶಿನಿಂದ ಅಲ್ಲೇ ಇನ್ನಷ್ಟು ನಿಧಾನವಾಗಿ ಉಜ್ಜಬೇಕು. ನೀರು ಕಾಸುವ ಹಂಡೆಯೊಳಗೆ ಬಿಳಿ ಪದರು ಕಟ್ಟಿದಂತೆ ಹಲ್ಲಿಗೆ ಕಟ್ಟಿದ ಗಾರೆಯನ್ನು ಬ್ರಶ್ ತೆಗೆಯಲಾರದು, ಆರು ತಿಂಗಳಿಂದ ವರ್ಷಕ್ಕೊಮ್ಮೆ ಸ್ಕೇಲಿಂಗ್ ಮಾಡಿಸಬೇಕು, ಅಂದರೆ ದಂತವೈದ್ಯರಿಂದ ಅದನ್ನು ಕೆರೆಸಿ ತೆಗೆಸಬೇಕು. ‘ಕ್ಲೀನ್ ಮಾಡಿಸಿದ ಮ್ಯಾಲೆ ಹಲ್ಲ ಸಡಲ ಆದ್ವು’ ಎನ್ನುವವರ ಹಲ್ಲು ಹಿಡಿದಿಡುವ ಎಲುಬು ಮೊದಲೇ ಕರಗಿರುತ್ತದೆ. ಗಾರೆ ಅವನ್ನು ಒಂದಕ್ಕೊಂದು ಅಂಟಿಸಿ ಹಿಡಿದಿತ್ತು, ಅದು ಹೋದಾಗ ಇದ್ದ ಸತ್ಯ ಕಂಡಿತು. ಸಕ್ಕರೆ ಕಾಯಿಲೆ ಇದ್ದವರಲ್ಲಿ ಒಸಡು ಬೇಗ ಕೆಡುತ್ತದೆ, ಕೆಟ್ಟ ಒಸಡು ಸಕ್ಕರೆಯನ್ನು ಹತೋಟಿಗೆ ಬರಗೊಡುವುದಿಲ್ಲ. ಬಸುರಿಯರು ನಾಲ್ಕರಿಂದ ಆರನೇ ತಿಂಗಳಲ್ಲಿ ಹಲ್ಲಿನ ಚಿಕಿತ್ಸೆಯನ್ನು ಯಾವ ಅಂಜಿಕೆಯೂ ಇಲ್ಲದೆ ಮಾಡಿಸಬಹುದು. ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆ ಎಂಬುದು ಸುಳ್ಳು. ಹಲ್ಲಿನ ಸೆಟ್ ಹಾಕುವ ಹಿರಿಯರು ರಾತ್ರಿ ಅದನ್ನು ತೆಗೆದು ನೀರಿನಲ್ಲಿಡಲಿ.

ತಂಬಾಕಿನ ಬಗ್ಗೆ ಮಾತ್ರ ಚಿಕ್ಕದಾಗಿ ಹೇಳಲು ಆಗದು. ಹುರಿದು ಪುಡಿ ಮಾಡಿದ ತಂಬಾಕು, ನಮ್ಮ ಕಡೆ ಮಿಶ್ರಿ ಎನ್ನುವುದು, ಎಷ್ಟೋ ಹೆಣ್ಣುಮಕ್ಕಳಿಗೆ ಹಲ್ಲುಪುಡಿಯಾಗಿಯೇ ರೂಢಿಯಾಗಿದೆ. ಹಲ್ಲುಪುಡಿ, ಪೇಸ್ಟುಗಳಲ್ಲಿ ತಂಬಾಕು ಸೇರಿಸುವುದನ್ನು 1992ರಲ್ಲೇ ನಿಷೇಧಿಸಲಾಗಿದೆ. ಗುಟಕಾ ನಮ್ಮ ರಾಜ್ಯದಲ್ಲಿ 2013ರಿಂದ ನಿಷಿದ್ಧ. ಈಗ ಪಾನ್ ಮಸಾಲ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ. ಎರಡನ್ನೂ ಅಂಗೈಯಲ್ಲಿ ಕೂಡಿಸಿದರೆ ಅದೇ ಗುಟಕಾ. ಶಾಲೆಯ 100 ಗಜದೊಳಗೆ ತಂಬಾಕು ಮಾರುವಂತಿಲ್ಲ ಎಂಬ ಕಾನೂನು 2003ರದು. ಒಂದು ಅಳತೆ ಟೇಪು ಹಿಡಿದು ಗೇಟಿನಿಂದ ಅಳೆದರೆ ಅದು ಎಷ್ಟು ಪಾಲನೆಯಾಗುತ್ತಿದೆ ಎಂದು ತಿಳಿಯುತ್ತದೆ. ಬರೀ ಅಡಿಕೆ ತಿನ್ನುವವರಿಗೂ ಅಪಾಯವಿದೆ: ಕೆನ್ನೆಯ ಒಳಪದರು ಗಟ್ಟಿಯಾಗಿ ಬಾಯಿ ತೆರೆಯುವುದೇ ಕಡಿಮೆಯಾಗುತ್ತದೆ, ಖಾರ ತಾಗಿದರೆ ಉರಿಯುತ್ತದೆ. ತಮ್ಮದೇ ತೋರು, ನಡು, ಉಂಗುರ ಬೆರಳುಗಳನ್ನು ಒಟ್ಟಾಗಿ ಒಂದರ ಮೇಲೊಂದು ಬರುವಂತೆ ಬಾಯೊಳಗೆ ಇಡಲು ಆಗದಿದ್ದರೆ ತಡಮಾಡದೆ ತೋರಿಸಬೇಕು. ಬಾಯೊಳಗೆ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು ಇದ್ದರೆ ನೋವಿಲ್ಲ ಎಂದು ಸುಮ್ಮನಿರಬಾರದು. ಕ್ಯಾನ್ಸರ್ ಶುರುವಿನಲ್ಲಿ ನೋಯುವುದಿಲ್ಲ. ಕಬ್ಬಿನ ಗ್ಯಾಂಗು, ಕಲ್ಲಿನ ಕ್ವಾರಿ, ಮಗ್ಗದ ಕೇರಿ, ಈ ತಪಾಸಣೆ ಮೊದಲು ಹೋಗಬೇಕಾದ ಜಾಗಗಳು ಇವು.

ಪ್ರತಿ ಶಾಲೆಯ ಗೋಡೆಗೆ ಎರಡು ಸೂಚನೆ ಬರೆಸಿದರೆ ಒಳ್ಳೆಯದು. ಒಂದು, ಆಟದಲ್ಲಿ ಬಿದ್ದು ಶಾಶ್ವತ ಹಲ್ಲು ಬೇರು ಸಮೇತ ಕಿತ್ತು ಬಂದರೆ: ಬೇರು ಮುಟ್ಟದೆ ಬಿಳಿ ಭಾಗ ಹಿಡಿದು, ಮಣ್ಣಿದ್ದರೆ ಹಾಲಿನಲ್ಲಿ ಒಮ್ಮೆ ಅದ್ದಿ ತೆಗೆದು, ಬಂದ ಗೂಡಿನಲ್ಲೇ ಕೂಡಿಸಿ, ಬಟ್ಟೆ ಕಚ್ಚಿಸಿ ವೈದ್ಯರಲ್ಲಿಗೆ ಓಡಬೇಕು. ಕೂಡಿಸಲು ಬಾರದಿದ್ದರೆ ಹಾಲಿನಲ್ಲಿ ಹಾಕಿ ಒಯ್ಯಬೇಕು. ಅರ್ಧ ತಾಸಿನೊಳಗಾದರೆ ಹಲ್ಲು ಉಳಿಯುವ ಸಂಭವ ಹೆಚ್ಚು. ಕಾಗದದಲ್ಲಿ ಸುತ್ತಿ ಒಣಗಿಸಿದರೆ, ಬೇರು ತಿಕ್ಕಿ ತೊಳೆದರೆ ಬೇರಿನ ಮೇಲಿನ ಜೀವಕೋಶ ಸಾಯುತ್ತವೆ. ಹಾಲುಹಲ್ಲನ್ನು ಮಾತ್ರ ಮತ್ತೆ ಕೂಡಿಸಬಾರದು. ಎರಡು, ಹಲ್ಲಿನಿಂದ ಮುಖ ಬಾತು ಜ್ವರ ಬಂದರೆ, ನುಂಗಲು ಅಥವಾ ಬಾಯಿ ತೆರೆಯಲು ಆಗದಿದ್ದರೆ ಅದು ರಾತ್ರಿಯಾದರೂ ಆಸ್ಪತ್ರೆಗೆ ಒಯ್ಯಬೇಕಾದ ಸ್ಥಿತಿ. ಮೆಡಿಕಲ್ ಅಂಗಡಿಯ ನೋವಿನ ಗುಳಿಗೆ, ಹೊರಗಿನಿಂದ ಬಿಸಿ ಕಾವು ಎರಡೂ ಬೇಡ. ಕಾವು ಕೊಟ್ಟರೆ ಕೀವು ಕೆನ್ನೆಯ ಚರ್ಮದ ಕಡೆಗೆ ಬರುತ್ತದೆ.

ಶಾಲೆ ತೆರೆಯುವುದು ಜೂನ್ ಹೊತ್ತಿಗೆ. ಪೇಸ್ಟ್, ಬ್ರಶ್ ಖರೀದಿಯ ಆದೇಶ ಏಪ್ರಿಲ್‌ನಲ್ಲಿ ಹೊರಟರೆ ಮಾತ್ರ ಮೊದಲ ವಾರಕ್ಕೆ ಸಾಮಾನು ಶಾಲೆ ಸೇರುತ್ತದೆ, ಮೇ ಕೊನೆಗೆ ಬರೆದರೆ ದಸರಾ ರಜೆಯ ನಂತರ ಬರುತ್ತದೆ. ಪ್ರತಿ ಕ್ಲಸ್ಟರಿನಲ್ಲಿ ಒಬ್ಬ ಶಿಕ್ಷಕರು ಮತ್ತು ಒಬ್ಬ ಬಿಸಿಯೂಟದ ಅಡುಗೆಯವರಿಗೆ ಅರ್ಧ ದಿನದ ತರಬೇತಿ ಸಾಕು, ಅದನ್ನು ನಾವು ಹಣ ಪಡೆಯದೆ ಕೊಡುತ್ತೇವೆ. ಎಲ್ಲ ಶಾಲೆಗಳಲ್ಲಿ ಒಟ್ಟಿಗೆ ಆಗದಿದ್ದರೆ ಹುನಗುಂದ ಮತ್ತು ಮುಧೋಳ ತಾಲ್ಲೂಕುಗಳಿಂದ ಶುರು ಮಾಡಿ: ಒಂದರಲ್ಲಿ ನೀರಿನ ತೊಂದರೆ, ಇನ್ನೊಂದರಲ್ಲಿ ಕಬ್ಬಿನದು. ಬಿಸಿಯೂಟದ ರಿಜಿಸ್ಟರಿನಲ್ಲೇ ‘ಹಲ್ಲುಜ್ಜಿದವರು’ ಎಂದು ಒಂದು ಕಾಲಂ ಗೀಚಿದರೆ ಬೇರೆ ದಾಖಲೆಯೂ ಬೇಕಿಲ್ಲ.

ಇಂತಿ,
ಬಾಗಲಕೋಟೆ ಜಿಲ್ಲೆಯ ದಂತವೈದ್ಯರು ಮತ್ತು ಸಮುದಾಯ ಆರೋಗ್ಯ ಕಾರ್ಯಕರ್ತರ ಪರವಾಗಿ